ಸಿಲಿಂಡರ್ ಹೆಡ್ ಬಿಚ್ಚುವಿಕೆ ಮತ್ತು ಎಂಜಿನ್ನಿನ ಆಂತರಿಕ ದೋಷಪತ್ತೆ

ಸಿಲಿಂಡರ್ ಹೆಡ್ ಎಂಬುದು ಅಂತರ್ದಹನ ಎಂಜಿನ್ನಿನ ಸಿಲಿಂಡರುಗಳ ಬಾಯಿಯನ್ನು ಮೇಲಿನಿಂದ ಮುಚ್ಚುವ ಲೋಹದ ಭಾಗವಾಗಿದೆ. ಇಂಧನವು ಉರಿಯುವ ದಹನಕೋಣೆಯ ಚಾವಣಿ, ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ದಾರಿಗಳು, ಅವುಗಳನ್ನು ತೆರೆದು ಮುಚ್ಚುವ ವಾಲ್ವುಗಳು, ಸ್ಪಾರ್ಕ್ ಪ್ಲಗ್ ಅಥವಾ ಇಂಜೆಕ್ಟರ್, ಇವೆಲ್ಲವೂ ಈ ಭಾಗದಲ್ಲಿಯೇ ಇರುತ್ತವೆ. ಹೆಡ್ ಮತ್ತು ಅದರ ಕೆಳಗಿನ ಸಿಲಿಂಡರ್ ಬ್ಲಾಕ್ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆ ಇರುತ್ತದೆ. ದಹನದ ಒತ್ತಡ, ತಂಪುಗೊಳಿಸುವ ನೀರು ಮತ್ತು ಎಂಜಿನ್ ಆಯಿಲ್ ಪರಸ್ಪರ ಬೆರೆಯದಂತೆ ತಡೆಯುವುದು ಈ ಹಾಳೆಯ ಕೆಲಸ.

ಎಂಜಿನ್ನಿನ ಒಳಗಿನ ದೋಷವನ್ನು ಕಣ್ಣಾರೆ ಕಾಣಲು ಹೆಡ್ಡನ್ನು ಬಿಚ್ಚಬೇಕಾಗುತ್ತದೆ. ಗ್ಯಾರೇಜುಗಳ ಮಾತಿನಲ್ಲಿ ಇದಕ್ಕೆ ‘ಹೆಡ್ ಇಳಿಸುವುದು’ ಎಂದೂ ಹೇಳುತ್ತಾರೆ. ಇದು ಖರ್ಚಿನ ಕೆಲಸ. ಹೆಡ್ ಬಿಚ್ಚಿದಾಗ ಕಾಣುವುದು ಬಹುಮಟ್ಟಿಗೆ ದೋಷದ ಪರಿಣಾಮ ಮಾತ್ರ. ಅದರ ಕಾರಣ ಅನೇಕ ಸಲ ಹೆಡ್ಡಿನ ಹೊರಗೆ, ರೇಡಿಯೇಟರಿನಲ್ಲಿಯೋ ನೀರಿನ ಪಂಪಿನಲ್ಲಿಯೋ ಇರುತ್ತದೆ. ಕಾರಣವನ್ನು ಹಾಗೆಯೇ ಬಿಟ್ಟು ಗ್ಯಾಸ್ಕೆಟ್ ಮಾತ್ರ ಬದಲಾಯಿಸಿದರೆ ಸ್ವಲ್ಪ ಕಾಲದಲ್ಲಿಯೇ ಹೆಡ್ಡನ್ನು ಮತ್ತೆ ಬಿಚ್ಚುವ ಪ್ರಸಂಗ ಬರುತ್ತದೆ.

ಹಿನ್ನೆಲೆ

ಹಳೆಯ ಕಾಲದ ಪಕ್ಕವಾಲ್ವಿನ ಎಂಜಿನ್ನುಗಳಲ್ಲಿ ವಾಲ್ವುಗಳು ಬ್ಲಾಕಿನಲ್ಲಿಯೇ ಇರುತ್ತಿದ್ದುದರಿಂದ ಹೆಡ್ ಕೇವಲ ಒಂದು ಮುಚ್ಚಳವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನ ಎಂಜಿನ್ ಈ ಬಗೆಯದು. ಬೋಲ್ಟುಗಳನ್ನು ಬಿಚ್ಚಿದರೆ ಹೆಡ್ ಕೈಗೆ ಬರುತ್ತಿತ್ತು. ಆಗ ಇಂಗಾಲದ ಕಿಟ್ಟವನ್ನು ಕೆರೆದು ತೆಗೆಯುವುದಕ್ಕೆಂದೇ ನಿಯತಕಾಲಕ್ಕೆ ಹೆಡ್ ಬಿಚ್ಚುವ ರೂಢಿಯಿತ್ತು. ಆಯಿಲ್ ಮತ್ತು ಇಂಧನದ ಗುಣಮಟ್ಟ ಸುಧಾರಿಸಿದಂತೆ ಆ ರೂಢಿ ನಿಂತಿತು. ಭಾರತದಾದ್ಯಂತ ಸೀಸರಹಿತ ಪೆಟ್ರೋಲ್ 2000ದ ಫೆಬ್ರವರಿಯಿಂದ ಜಾರಿಗೆ ಬಂದಿತು.

ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯ ಅಂಬಾಸಿಡರ್ ಕಾರಿನ ಹಳೆಯ 1489 ಸಿ.ಸಿ. ಎಂಜಿನ್ನಿನಲ್ಲಿ ಹೆಡ್ ಮತ್ತು ಬ್ಲಾಕ್ ಎರಡೂ ಎರಕದ ಕಬ್ಬಿಣದವು. ವಾಲ್ವುಗಳನ್ನು ತಳ್ಳುವ ಪುಶ್‌ರಾಡುಗಳು ಬ್ಲಾಕಿನಿಂದ ಮೇಲೆ ಬರುತ್ತವೆ. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕಾರಿನ 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ ಬೇರೆ ಬಗೆಯದು. ಅದರ ಹೆಡ್ ಅಲ್ಯೂಮಿನಿಯಮ್ಮಿನದು. ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೆಯೇ ಇದ್ದು, ಹಲ್ಲಿನ ಬೆಲ್ಟಿನಿಂದ ತಿರುಗುತ್ತದೆ. ಈಗಿನ ಬಹುಪಾಲು ಕಾರುಗಳು ಈ ಮಾದರಿಯನ್ನೇ ಅನುಸರಿಸುತ್ತವೆ.

ಅಲ್ಯೂಮಿನಿಯಂ ಹಗುರ, ಶಾಖವನ್ನೂ ಬೇಗ ಬಿಟ್ಟುಕೊಡುತ್ತದೆ. ಆದರೆ ಬಿಸಿಯಾದಾಗ ಅದು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 400 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಹೆಡ್ಡಿನ ಉಷ್ಣತೆ 80 ಡಿಗ್ರಿ ಏರಿದರೆ ಅದು ಸುಮಾರು 0.74 ಮಿ.ಮೀ. ಉದ್ದವಾಗುತ್ತದೆ. ಅಷ್ಟೇ ಉದ್ದದ ಕಬ್ಬಿಣದ ಬ್ಲಾಕ್ ಸುಮಾರು 0.35 ಮಿ.ಮೀ. ಮಾತ್ರ ಬೆಳೆಯುತ್ತದೆ. ಈ ವ್ಯತ್ಯಾಸದ ಎಳೆದಾಟವನ್ನು ಗ್ಯಾಸ್ಕೆಟ್ ಪ್ರತಿದಿನವೂ ತಾಳಿಕೊಳ್ಳಬೇಕು. ಎಂಜಿನ್ ಮಿತಿಮೀರಿ ಕಾದಾಗ ಬೋಲ್ಟುಗಳ ಬಿಗಿತದೊಳಗೆ ಸಿಕ್ಕಿಕೊಂಡ ಹೆಡ್ ಹಿಗ್ಗಲು ಎಡೆಯಿಲ್ಲದೆ ಡೊಂಕಾಗುತ್ತದೆ. ತಣ್ಣಗಾದ ಮೇಲೂ ಆ ಡೊಂಕು ಉಳಿಯುತ್ತದೆ.

ಬಿಸಿಲು, ನೀರು ಮತ್ತು ಎಂಜಿನ್

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿಗೆ ಸೇರಿವೆ. ಬೇಸಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ರಾಷ್ಟ್ರೀಯ ಹೆದ್ದಾರಿ 150ಎ ಈ ಮೂರು ಪಟ್ಟಣಗಳನ್ನೂ ಜೋಡಿಸುತ್ತದೆ. ಸಿಂಧನೂರು ಭಾಗದ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಒದಗುತ್ತದೆಯಾದರೂ ಕಾಲುವೆಯಿಂದ ದೂರದ ಊರುಗಳಲ್ಲಿ ಕೊಳವೆಬಾವಿಯೇ ಆಧಾರ. ಜಿಲ್ಲೆಯ ಅನೇಕ ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮತ್ತು ಇತರ ಲವಣಗಳು ಹೆಚ್ಚಾಗಿವೆ. ಕುಡಿಯುವವರ ಹಲ್ಲು ಮತ್ತು ಮೂಳೆಗಳಿಗೆ ಫ್ಲೋರೈಡ್ ಕೇಡು. ಎಂಜಿನ್ನಿಗೆ ಕೇಡು ಮಾಡುವುದು ಆ ನೀರಿನ ಗಡಸುತನ.

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬನೇಟುಗಳು ನೀರು ಕಾದಾಗ ಕರಗದ ರೂಪಕ್ಕೆ ತಿರುಗಿ ಬಿಳಿಯ ಪದರವಾಗಿ ಅಂಟಿಕೊಳ್ಳುತ್ತವೆ. ನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಕಾಣುವ ಬಿಳಿ ಕರೆ ಇದೇ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಮತ್ತು ಹೆಡ್ಡಿನ ಒಳದಾರಿಗಳಲ್ಲಿ ಈ ಪದರ ಬೆಳೆದಂತೆ ನೀರಿನ ಹರಿವು ಕುಗ್ಗುತ್ತದೆ, ಲೋಹದ ಶಾಖ ನೀರಿಗೆ ದಾಟುವುದು ನಿಧಾನವಾಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಮ್ಮೆ ತುಂಬಿದ ನೀರಿನಲ್ಲಿರುವ ಲವಣ ಅಲ್ಪ; ಅದಷ್ಟೇ ಆದರೆ ಹಾನಿಯೂ ಅಲ್ಪ. ಎಲ್ಲಿಯೋ ಸಣ್ಣ ಸೋರಿಕೆಯಿದ್ದು ದಿನವೂ ಬಾಟಲಿಯಿಂದ ನೀರು ಹಾಕುತ್ತ ಹೋದಾಗ, ಪ್ರತಿ ಬಾಟಲಿಯೊಡನೆ ಹೊಸ ಲವಣ ಒಳಸೇರುತ್ತದೆ. ಆದ್ದರಿಂದ ‘ದಿನಾ ಒಂದಿಷ್ಟು ನೀರು ಕುಡಿಯುತ್ತದೆ’ ಎಂದು ಸಹಿಸಿಕೊಂಡ ಕಾರು ಮುಂದೊಂದು ದಿನ ಹೆಡ್ ಬಿಚ್ಚಿಸಿಕೊಳ್ಳುವ ಕಾರಾಗುತ್ತದೆ.

ರೇಡಿಯೇಟರ್ ಮುಚ್ಚಳ ಸಾಮಾನ್ಯವಾಗಿ ಪ್ರತಿ ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಂ ಒತ್ತಡವನ್ನು ಹಿಡಿದಿಡುತ್ತದೆ. ಈ ಒತ್ತಡದಿಂದ ನೀರಿನ ಕುದಿಬಿಂದು 100 ಡಿಗ್ರಿಯಿಂದ ಸುಮಾರು 118 ಡಿಗ್ರಿಗೆ ಏರುತ್ತದೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಈ ಲಾಭವೆಲ್ಲ ಹೋಗಿ, ಏರುದಾರಿಯಲ್ಲಿ ನೀರು ಕುದಿದು ಚೆಲ್ಲುತ್ತದೆ. ಬಿಸಿಯಿರುವಾಗ ಇದೇ ಮುಚ್ಚಳವನ್ನು ತೆರೆದರೆ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಚಿಮ್ಮಿ ಮುಖ, ಕೈಗಳನ್ನು ಸುಡುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು, ಹೆಡ್ ಬಿರುಕು ಬಿಡಬಹುದು.

ಬಿಸಿಲು ಪ್ರದೇಶದಲ್ಲಿ ಬೇಡವೆಂದು ಥರ್ಮೋಸ್ಟಾಟನ್ನು ತೆಗೆದುಹಾಕುವ ಪದ್ಧತಿಯೂ ಇದೆ. ಇದು ಸರಿಯಾದ ಪರಿಹಾರವಲ್ಲ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಂಡಾಗಲೇ ರೇಡಿಯೇಟರನ್ನು ತಪ್ಪಿಸಿ ಹೋಗುವ ಅಡ್ಡದಾರಿ ಮುಚ್ಚಿಕೊಳ್ಳುತ್ತದೆ; ಅಂಥಲ್ಲಿ ಅದನ್ನು ತೆಗೆದರೆ ನೀರಿನ ಒಂದು ಪಾಲು ತಂಪಾಗದೆಯೇ ಮರಳಿ ಎಂಜಿನ್ನಿಗೆ ಬಂದು ಕಾವು ಇನ್ನೂ ಹೆಚ್ಚುತ್ತದೆ. ಉಳಿದವುಗಳಲ್ಲಿ ಎಂಜಿನ್ ತನ್ನ ಹದವಾದ ಉಷ್ಣತೆಗೆ ತಡವಾಗಿ ಬಂದು ಸವೆತ ಹೆಚ್ಚಾಗುತ್ತದೆ.

ಚಾಲಕರನ್ನು ಮೋಸಗೊಳಿಸುವ ಇನ್ನೊಂದು ಸಂಗತಿ ಉಷ್ಣತಾ ಮಾಪಕ. ಅದರ ಸಂವೇದಕ ನೀರಿನಲ್ಲಿ ಮುಳುಗಿರುವಾಗ ಮಾತ್ರ ಸರಿಯಾಗಿ ತೋರಿಸುತ್ತದೆ. ನೀರೆಲ್ಲ ಸೋರಿಹೋದ ಮೇಲೆ ಮುಳ್ಳು ಏರುವ ಬದಲು ಇಳಿಯಲೂಬಹುದು.

ಬಿಚ್ಚುವ ಮುನ್ನ

ಹೊರಗಿನಿಂದಲೇ ಮಾಡಬಹುದಾದ ಪರೀಕ್ಷೆಗಳು ಮುಗಿಯುವ ತನಕ ಹೆಡ್ಡಿಗೆ ಕೈಹಾಕಬಾರದು. ಬಿಚ್ಚಿದ ಮೇಲೆ ಎಂಜಿನ್ ಓಡುವುದಿಲ್ಲವಾದ್ದರಿಂದ ಓಡುವ ಎಂಜಿನ್ ಮಾತ್ರ ಹೇಳಬಲ್ಲ ವಿಷಯಗಳು ಕೈತಪ್ಪುತ್ತವೆ.

ಮೊದಲನೆಯದು ಹೊಗೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನೂ, ಕಪ್ಪು ಹೊಗೆ ಇಂಧನ ಹೆಚ್ಚಾಗಿರುವುದನ್ನೂ ಸೂಚಿಸುತ್ತದೆ. ಬೆಳಗ್ಗೆ ಚಾಲೂ ಮಾಡಿದಾಗ ಭುಸ್ಸೆಂದು ನೀಲಿ ಹೊಗೆ ಬಂದು ಬಳಿಕ ನಿಂತರೆ ವಾಲ್ವಿನ ದಂಡದ ಸೀಲುಗಳ ಮೇಲೆ ಅನುಮಾನ. ಭಾರ ಎಳೆಯುವಾಗ ಸತತವಾಗಿ ಬಂದರೆ ಪಿಸ್ಟನ್ ರಿಂಗುಗಳ ಮೇಲೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಜೊತೆಗೆ ಕೂಲೆಂಟಿನ ಸಿಹಿ ವಾಸನೆ ಇದ್ದರೆ ನೀರು ದಹನಕೋಣೆಗೆ ಸೇರುತ್ತಿದೆ ಎಂದರ್ಥ. ಡೀಸೆಲ್ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಇಂಧನವೂ ಬಿಳಿ ಹೊಗೆಯಾಗಿ ಬರುತ್ತದೆ, ಆದರೆ ಅದರ ವಾಸನೆ ಬೇರೆ.

ಎರಡನೆಯದು ಆಯಿಲ್. ನೀರು ಬೆರೆತ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಮಾತ್ರ ತುಸು ನೊರೆ ಕಂಡರೆ ಗಾಬರಿಯಾಗಬೇಕಿಲ್ಲ. ಮಡಿಕೇರಿಯಂಥ ತಂಪು ಊರುಗಳಲ್ಲಿ ಅಲ್ಪದೂರ ಓಡುವ ಕಾರುಗಳಲ್ಲಿ ತೇವವೇ ಹೀಗೆ ನೊರೆಯಾಗಿ ನಿಲ್ಲುವುದುಂಟು. ಅಳತೆಕಡ್ಡಿಯ ಮೇಲಿನ ಆಯಿಲೂ ಹಾಗೆಯೇ ಇದ್ದರೆ ಎಂಜಿನ್ನನ್ನು ಮುಂದೆ ಓಡಿಸಲೇಬಾರದು, ಬೇರಿಂಗುಗಳು ಕೆಡುತ್ತವೆ.

ಮೂರನೆಯದು ರೇಡಿಯೇಟರ್. ತಣ್ಣಗಿರುವಾಗಲೇ ಮುಚ್ಚಳ ತೆಗೆದು, ನೀರು ತುಂಬಿಸಿ, ಎಂಜಿನ್ ಚಾಲೂ ಮಾಡಿದಾಗ ಒಂದೇ ಸಮನೆ ಗುಳ್ಳೆಗಳು ಏಳುತ್ತಿದ್ದರೆ ದಹನದ ಅನಿಲ ನೀರಿಗೆ ನುಗ್ಗುತ್ತಿದೆ. ಗ್ಯಾರೇಜಿನವರು ಇದನ್ನು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಅನುಮಾನ ಉಳಿದರೆ ಆ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಹಾಯಿಸುವ ಪರೀಕ್ಷೆಯಿದೆ. ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರವ ಹಳದಿಯಾಗುತ್ತದೆ.

ಆ ಬಳಿಕ ಕಂಪ್ರೆಷನ್ ಪರೀಕ್ಷೆ. ಒಂದೊಂದೇ ಸಿಲಿಂಡರಿಗೆ ಒತ್ತಡಮಾಪಕ ಜೋಡಿಸಿ ಸ್ಟಾರ್ಟರಿನಿಂದ ಎಂಜಿನ್ನನ್ನು ತಿರುಗಿಸಲಾಗುತ್ತದೆ. ಸುಸ್ಥಿತಿಯ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಪ್ರತಿ ಚದರ ಸೆಂಟಿಮೀಟರಿಗೆ 10ರಿಂದ 13 ಕಿಲೋಗ್ರಾಂ, ಡೀಸೆಲ್ ಕಾರುಗಳಲ್ಲಿ 25ರಿಂದ 35 ಕಿಲೋಗ್ರಾಂ ಒತ್ತಡ ಕಾಣುತ್ತದೆ. ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಣ ವ್ಯತ್ಯಾಸವೇ ಹೆಚ್ಚು ಅರ್ಥಪೂರ್ಣ. ಪಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕುಸಿದಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಅಧಿಕ. ಒಂದೇ ಸಿಲಿಂಡರಿನಲ್ಲಿ ಕಡಿಮೆಯಿದ್ದರೆ, ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ರಂಧ್ರದಿಂದ ಒಂದು ಚಮಚೆ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ದೋಷ ರಿಂಗ್ ಅಥವಾ ಬೋರಿನಲ್ಲಿ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟಿನಲ್ಲಿ. ಡೀಸೆಲ್ ಎಂಜಿನ್ನಿಗೆ ಈ ಆಯಿಲ್ ಪರೀಕ್ಷೆ ಸಲ್ಲದು. ಅದರ ದಹನಕೋಣೆ ಬಹಳ ಕಿರಿದಾದ್ದರಿಂದ ಅಂಕಿ ಸುಳ್ಳಾಗುತ್ತದೆ, ಆಯಿಲ್ ತಾನೇ ಹೊತ್ತಿಕೊಳ್ಳುವ ಅಪಾಯವೂ ಇದೆ.

ಇನ್ನೂ ಖಚಿತವಾದುದು ಗಾಳಿ ತುಂಬುವ ಪರೀಕ್ಷೆ. ಪಿಸ್ಟನ್ ಮೇಲ್ತುದಿಯಲ್ಲಿದ್ದು ಎರಡೂ ವಾಲ್ವುಗಳು ಮುಚ್ಚಿರುವಾಗ ಕಂಪ್ರೆಸರಿನಿಂದ ಗಾಳಿ ಬಿಟ್ಟು ಕಿವಿಗೊಡಬೇಕು. ಕಾರ್ಬ್ಯುರೇಟರಿನ ಕಡೆ ಬುಸುಗುಟ್ಟಿದರೆ ಒಳವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಹೊರವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಹೋಗಿದೆ ಅಥವಾ ಲೋಹ ಬಿರುಕು ಬಿಟ್ಟಿದೆ. ಕೊನೆಯ ಪ್ರಸಂಗದಲ್ಲಿ ಹೆಡ್ ಬಿಚ್ಚದೆ ಗತ್ಯಂತರವಿಲ್ಲ. ರಿಂಗ್ ಸವೆದಿದ್ದರೆ ಹೆಡ್ ಕೆಲಸವೊಂದರಿಂದಲೇ ಪ್ರಯೋಜನವಾಗದು, ಎಂಜಿನ್ನನ್ನು ಪೂರ್ತಿ ಬಿಚ್ಚಬೇಕಾಗುತ್ತದೆ. ಖರ್ಚಿನ ಅಂದಾಜು ಎರಡಕ್ಕೂ ಬೇರೆ ಬೇರೆಯಾದುದರಿಂದ ಮಾಲೀಕನಿಗೆ ಇದನ್ನು ಮೊದಲೇ ತಿಳಿಸುವುದು ಉಚಿತ.

ಬಿಚ್ಚುವ ಕ್ರಮ

ಎಂಜಿನ್ ಸಂಪೂರ್ಣ ತಣ್ಣಗಾಗಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬೇರ್ಪಡಿಸಿ, ನೀರನ್ನು ಬಸಿದು, ಮ್ಯಾನಿಫೋಲ್ಡುಗಳು, ಹೋಸುಗಳು ಮತ್ತು ವೈರುಗಳನ್ನು ಗುರುತುಮಾಡಿ ತೆಗೆಯಲಾಗುತ್ತದೆ. ಒಂದನೆಯ ಪಿಸ್ಟನ್ನನ್ನು ಮೇಲ್ತುದಿಗೆ ತಂದು ಟೈಮಿಂಗ್ ಗುರುತುಗಳನ್ನು ಹೊಂದಿಸಿಕೊಂಡ ಬಳಿಕವೇ ಬೆಲ್ಟ್ ಅಥವಾ ಚೈನನ್ನು ಬಿಡಿಸಬೇಕು. ಪುಶ್‌ರಾಡುಗಳಿದ್ದರೆ ರಟ್ಟಿನಲ್ಲಿ ತೂತು ಮಾಡಿ, ಅಂಕಿ ಬರೆದು, ಅದೇ ಕ್ರಮದಲ್ಲಿ ಸಿಕ್ಕಿಸಿಡುತ್ತಾರೆ. ಜೊತೆಯಾಗಿ ಸವೆದ ಭಾಗಗಳು ಮತ್ತೆ ಅದೇ ಜೊತೆಯಲ್ಲಿ ಸೇರಬೇಕೆಂಬುದು ಇದರ ಉದ್ದೇಶ.

ಹೆಡ್ ಬೋಲ್ಟುಗಳನ್ನು ಹೊರತುದಿಗಳಿಂದ ಆರಂಭಿಸಿ ನಡುವಿನ ಕಡೆಗೆ, ಎರಡು ಮೂರು ಸುತ್ತುಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಒಂದೊಂದನ್ನೇ ಪೂರ್ತಿ ತೆಗೆದರೆ ಉಳಿದವುಗಳ ಎಳೆತಕ್ಕೆ ಹೆಡ್ ಬಾಗುತ್ತದೆ. ಬೋಲ್ಟುಗಳು ಬಂದ ಮೇಲೂ ಹೆಡ್ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಮೆಲ್ಲನೆ ಬಡಿಯಬಹುದು. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟುವುದು ಕೂಡದು. ಅದರಿಂದಾದ ಒಂದು ಗೀರು ಹೊಸ ಗ್ಯಾಸ್ಕೆಟಿಗೂ ಸೋರುವ ದಾರಿಯಾಗುತ್ತದೆ. ಇಳಿಸಿದ ಹೆಡ್ಡನ್ನು ಮರದ ತುಂಡುಗಳ ಮೇಲಿಡಬೇಕು. ತೆರೆದಿರುವ ವಾಲ್ವುಗಳು ಕೆಳಗೆ ಚಾಚಿರುತ್ತವೆಯಾದ್ದರಿಂದ ನೇರವಾಗಿ ನೆಲಕ್ಕಿಟ್ಟರೆ ಬಾಗುತ್ತವೆ.

ಟ್ರ್ಯಾಕ್ಟರ್ ಮತ್ತು ಕೆಲವು ಜೀಪುಗಳ ಡೀಸೆಲ್ ಎಂಜಿನ್ನುಗಳಲ್ಲಿ ಸಿಲಿಂಡರ್ ಲೈನರುಗಳ ಸುತ್ತ ನೇರವಾಗಿ ನೀರು ಇರುತ್ತದೆ. ಅಂಥ ಎಂಜಿನ್ನಿನ ಹೆಡ್ ಬಿಚ್ಚಿದ ಮೇಲೆ ಲೈನರುಗಳನ್ನು ಒತ್ತಿಹಿಡಿಯದೆ ಕ್ರ್ಯಾಂಕನ್ನು ತಿರುಗಿಸಿದರೆ ಲೈನರ್ ಮೇಲೆದ್ದು, ಕೆಳಗಿನ ಸೀಲು ಹರಿದು, ನೀರು ಆಯಿಲಿಗೆ ಇಳಿಯುತ್ತದೆ.

ಒಳಗಿನ ಕುರುಹುಗಳು

ಹೆಡ್ ಇಳಿದೊಡನೆ ಡೀಸೆಲ್ ಹಾಕಿ ಎಲ್ಲವನ್ನೂ ತೊಳೆದುಬಿಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಕೊಳೆಯೇ ಇಲ್ಲಿ ಸಾಕ್ಷಿ. ತೊಳೆಯುವ ಮುನ್ನ ಹೆಡ್, ಗ್ಯಾಸ್ಕೆಟ್ ಮತ್ತು ಬ್ಲಾಕ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಗ್ಯಾಸ್ಕೆಟಿನಲ್ಲಿ ಸಿಲಿಂಡರಿನ ಸುತ್ತಲಿನ ಲೋಹದ ಬಳೆ ಎಲ್ಲಿ ಮುರಿದಿದೆ, ಕಪ್ಪು ಮಸಿಯ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದನ್ನು ಮೊದಲು ಗಮನಿಸಲಾಗುತ್ತದೆ. ಗೆರೆ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಹೋಗಿದ್ದರೆ ಕಂಪ್ರೆಷನ್ ಪರೀಕ್ಷೆಯ ತೀರ್ಮಾನ ದೃಢಪಡುತ್ತದೆ. ನೀರಿನ ರಂಧ್ರಕ್ಕೆ ಹೋಗಿದ್ದರೆ ರೇಡಿಯೇಟರಿನ ಗುಳ್ಳೆಗಳಿಗೆ ವಿವರಣೆ ದೊರೆಯುತ್ತದೆ. ಗ್ಯಾಸ್ಕೆಟ್ ಎಲ್ಲಿಯೂ ಕೆಡದಿದ್ದು ನೀರು ಮಾತ್ರ ಹೋಗುತ್ತಿತ್ತೆಂದರೆ ಹೆಡ್ಡಿನ ಬಿರುಕನ್ನು ಹುಡುಕಬೇಕು.

ಪಿಸ್ಟನ್ನುಗಳ ತಲೆಯ ಮೇಲೆ ಇಂಗಾಲದ ತೆಳು ಪದರ ಇರುವುದು ಸಹಜ. ಮಿಕ್ಕವೆಲ್ಲ ಕಪ್ಪಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ನೀರು ಹೋಗುತ್ತಿದ್ದುದು ಆ ಸಿಲಿಂಡರಿಗೆ. ಆವಿ ಅದನ್ನು ತೊಳೆದಿರುತ್ತದೆ. ಒಣ ಮಸಿ ಇಂಧನ ಹೆಚ್ಚಾದುದರ ಗುರುತು, ಜಿಡ್ಡುಜಿಡ್ಡಾದ ಕಪ್ಪು ಆಯಿಲಿನ ಗುರುತು. ಪಿಸ್ಟನ್ನಿನ ಅಂಚು ಇಲಿ ಕಡಿದಂತೆ ತಿಂದುಹೋಗಿದ್ದರೆ ಇಂಧನ ಅಕಾಲದಲ್ಲಿ ಸಿಡಿಯುತ್ತಿತ್ತೆಂದು ತಿಳಿಯಬೇಕು. ಡೀಸೆಲ್ ಎಂಜಿನ್ನಿನಲ್ಲಿ ತೊಟ್ಟಿಕ್ಕುವ ಇಂಜೆಕ್ಟರ್ ಪಿಸ್ಟನ್ನಿನ ತಲೆಯನ್ನೇ ಕರಗಿಸಿ ತೂತು ಮಾಡಬಲ್ಲದು.

ವಾಲ್ವುಗಳಲ್ಲಿ ಸುಡುವುದು ಬಹುತೇಕ ಹೊರವಾಲ್ವು. ಅದು ಸದಾ ಬೆಂಕಿಯ ದಾರಿಯಲ್ಲಿದ್ದು, ಮುಚ್ಚಿದಾಗ ಸೀಟಿನ ಮೂಲಕವೇ ತನ್ನ ಕಾವನ್ನು ಕಳೆದುಕೊಳ್ಳಬೇಕು. ಟ್ಯಾಪೆಟ್ ಅಂತರ ತೀರ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಅಂಚಿನಲ್ಲಿ ಸುಟ್ಟುಹೋಗುತ್ತದೆ. ಟ್ಯಾಪೆಟ್ ಸದ್ದು ಮಾಡುತ್ತದೆಂದು ಅಂತರವನ್ನು ಬೇಕಾದ್ದಕ್ಕಿಂತ ಬಿಗಿ ಮಾಡಿಸುವುದು ಈ ಕಾರಣಕ್ಕೆ ಹಾನಿಕರ. ವಾಲ್ವ್ ಸೋರುತ್ತದೆಯೇ ಎಂದು ತಿಳಿಯಲು ಹೆಡ್ಡನ್ನು ಬೋರಲಾಗಿಟ್ಟು ದಹನಕೋಣೆಗೆ ಸೀಮೆಎಣ್ಣೆ ತುಂಬಿಸುವ ಸರಳ ವಿಧಾನವಿದೆ. ಕೆಲವು ನಿಮಿಷಗಳಲ್ಲಿ ಎಣ್ಣೆ ವಾಲ್ವಿನ ಹಿಂದಿನ ದಾರಿಗೆ ಜಿನುಗಿದರೆ ವಾಲ್ವ್ ಗ್ರೈಂಡಿಂಗ್ ಬೇಕು.

ಬೋರಿನ ಗೋಡೆಯಲ್ಲಿ ತಯಾರಿಕೆಯ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದರೆ ಅದು ಶುಭಸೂಚನೆ. ರಿಂಗ್ ತಲುಪುವ ಎತ್ತರದಲ್ಲಿ ಬೆರಳ ಉಗುರಿಗೆ ತಡೆಯುವಷ್ಟು ಮೆಟ್ಟಿಲು ಎದ್ದಿದ್ದರೆ ಬೋರ್ ಸವೆದಿದೆ. ನಿಖರವಾಗಿ ತಿಳಿಯಲು ಮೇಲೆ, ನಡುವೆ, ಕೆಳಗೆ, ಪ್ರತಿಯೊಂದರಲ್ಲಿಯೂ ಎರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆಯಲಾಗುತ್ತದೆ.

ಡೊಂಕು ಮತ್ತು ಬಿರುಕು

ಶುಚಿಗೊಳಿಸಿದ ಹೆಡ್ಡಿನ ತಳದ ಮೇಲೆ ನಿಖರವಾದ ನೇರಪಟ್ಟಿಯನ್ನು ಉದ್ದ, ಅಗಲ ಮತ್ತು ಎರಡು ಮೂಲೆಗಳ ನಡುವೆ ಇಟ್ಟು, ಸಂದಿಯಲ್ಲಿ ಫೀಲರ್ ಗೇಜಿನ ಹಾಳೆ ನುಸುಳುತ್ತದೆಯೇ ಎಂದು ನೋಡುತ್ತಾರೆ. ಅನೇಕ ಸಣ್ಣ ಕಾರುಗಳಿಗೆ ತಯಾರಕರು ಕೊಡುವ ಮಿತಿ 0.05 ಮಿ.ಮೀ. ಎಂದರೆ ಒಂದು ತಲೆಗೂದಲಿನ ದಪ್ಪದಷ್ಟು. ಬ್ಲಾಕಿನ ಮೇಲ್ಮೈಯನ್ನೂ ಇದೇ ರೀತಿ ಪರೀಕ್ಷಿಸಬೇಕು. ಅವಸರದಲ್ಲಿ ಇದನ್ನು ಬಿಡುವವರೇ ಹೆಚ್ಚು.

ಡೊಂಕಾದ ಹೆಡ್ಡನ್ನು ಯಂತ್ರದಲ್ಲಿ ಹೆರೆದು ಸಮಮಾಡಬಹುದು. ಇದನ್ನು ಫೇಸಿಂಗ್ ಎನ್ನುತ್ತಾರೆ. ಆದರೆ ಹೆರೆದಷ್ಟೂ ದಹನಕೋಣೆ ಕಿರಿದಾಗಿ ಕಂಪ್ರೆಷನ್ ಹೆಚ್ಚುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಸಮೀಪವಾಗುತ್ತವೆ. ಪ್ರತಿ ಹೆಡ್ಡಿಗೂ ಕನಿಷ್ಠ ದಪ್ಪದ ಮಿತಿಯಿದೆ. ಹೆರೆಯಲೇಬಾರದೆಂದು ತಯಾರಕರು ಹೇಳುವ ಹೆಡ್ಡುಗಳೂ ಇವೆ. ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಚಾಚುತ್ತದೆ ಎಂಬುದನ್ನು ಅಳೆದು, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟನ್ನು ಆರಿಸಬೇಕಾಗುತ್ತದೆ. ಗ್ಯಾಸ್ಕೆಟಿನ ಅಂಚಿನಲ್ಲಿರುವ ಕಚ್ಚು ಅಥವಾ ರಂಧ್ರಗಳ ಸಂಖ್ಯೆಯಿಂದ ಅದರ ದಪ್ಪವನ್ನು ಗುರುತಿಸುತ್ತಾರೆ.

ಬಿರುಕುಗಳು ಹೆಚ್ಚಾಗಿ ಎರಡು ವಾಲ್ವ್ ಸೀಟುಗಳ ನಡುವೆ ಅಥವಾ ಸೀಟಿನಿಂದ ಪ್ಲಗ್ಗಿನ ರಂಧ್ರದ ಕಡೆಗೆ ಕಾಣಿಸಿಕೊಳ್ಳುತ್ತವೆ. ಕಣ್ಣಿಗೆ ಕಾಣದವುಗಳನ್ನು ಬಣ್ಣದ ದ್ರವ ಹಚ್ಚಿ ಪತ್ತೆಮಾಡಲಾಗುತ್ತದೆ. ನೀರಿನ ದಾರಿಗಳನ್ನು ಮುಚ್ಚಿ, ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸುವ ಪರೀಕ್ಷೆ ಹೆಚ್ಚು ನಂಬಲರ್ಹ, ಏಕೆಂದರೆ ಕೆಲವು ಬಿರುಕುಗಳು ಲೋಹ ಬಿಸಿಯಾದಾಗ ಮಾತ್ರ ಬಾಯಿಬಿಡುತ್ತವೆ.

ಮರುಜೋಡಣೆ

ಬೋಲ್ಟ್ ರಂಧ್ರಗಳಲ್ಲಿ ನೀರು ಅಥವಾ ಆಯಿಲ್ ನಿಂತಿರಬಾರದು. ದ್ರವ ಕುಗ್ಗುವುದಿಲ್ಲವಾದ್ದರಿಂದ ಬೋಲ್ಟ್ ಬಿಗಿಯುವಾಗ ಅದರ ಒತ್ತಡಕ್ಕೆ ಬ್ಲಾಕೇ ಸೀಳಬಹುದು. ಬಿಗಿಯುವ ಕ್ರಮ ಬಿಚ್ಚುವ ಕ್ರಮಕ್ಕೆ ವಿರುದ್ಧ: ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದ. ಕೈಯ ಅಂದಾಜಿನಲ್ಲಿ ಬಿಗಿಯುವುದು ಅನುಭವಿಗಳಿಗೂ ಸಲ್ಲದು. ಹೊಸ ಮಾದರಿಯ ಹಲವು ಎಂಜಿನ್ನುಗಳ ಹೆಡ್ ಬೋಲ್ಟುಗಳು ಬಿಗಿಯುವಾಗ ತುಸು ಹಿಗ್ಗುವಂತೆ ರೂಪಿತವಾಗಿದ್ದು, ಅವುಗಳನ್ನು ಮತ್ತೆ ಬಳಸುವಂತಿಲ್ಲ. ಹಳೆಯ ಗ್ಯಾಸ್ಕೆಟನ್ನು ಯಾವ ಸಂದರ್ಭದಲ್ಲಿಯೂ ಮರಳಿ ಹಾಕಬಾರದು.

ಹೆಡ್ ಕೂರಿಸಿದ ಮೇಲೆ ಟೈಮಿಂಗ್ ಗುರುತುಗಳನ್ನು ಹೊಂದಿಸಿ, ಸ್ಟಾರ್ಟರ್ ಮುಟ್ಟುವ ಮುನ್ನ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಎಲ್ಲಿಯೂ ತಡೆಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಲಾಗುತ್ತದೆ. ನೀರು ಬೆರೆತಿದ್ದರೆ ಆಯಿಲನ್ನೂ ಫಿಲ್ಟರನ್ನೂ ಬದಲಿಸಬೇಕು. ರೇಡಿಯೇಟರನ್ನು ಶುಚಿಗೊಳಿಸಿ, ಮುಚ್ಚಳ, ಥರ್ಮೋಸ್ಟಾಟ್, ಫ್ಯಾನ್ ಮತ್ತು ನೀರಿನ ಪಂಪನ್ನು ಪರೀಕ್ಷಿಸುವುದು ಹೆಡ್ ಕೆಲಸದ ಭಾಗವೇ ಹೊರತು ಪ್ರತ್ಯೇಕ ಕೆಲಸವಲ್ಲ. ತುಂಬಿಸಲು ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳ ನೀರಿನಲ್ಲಿ ಗಡಸುತನ ಕಡಿಮೆಯಾದರೂ ತುಕ್ಕು ತಡೆಯುವ ಗುಣವಿಲ್ಲ. ಕೂಲೆಂಟ್ ಬೆರೆಸದೆ ಅದನ್ನೊಂದನ್ನೇ ಹಾಕುವುದು ಸಾಲದು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದರೂ ವಿಷ. ಬಸಿದ ನೀರನ್ನು ಮಕ್ಕಳು ಮತ್ತು ದನಕರುಗಳಿಗೆ ಸಿಗುವಂತೆ ಬೋಗುಣಿಯಲ್ಲಿ ಬಿಡಬಾರದು. ತುಂಬಿಸಿದ ಮೇಲೆ ಹೀಟರಿನ ಕೊಳವೆಗಳಲ್ಲಿಯೂ ಗಾಳಿ ಉಳಿಯದಂತೆ ಎಂಜಿನ್ನನ್ನು ಫ್ಯಾನ್ ತಿರುಗುವ ತನಕ ನಿಂತಲ್ಲಿಯೇ ಓಡಿಸಿ, ತಣ್ಣಗಾದ ಬಳಿಕ ನೀರಿನ ಮಟ್ಟವನ್ನು ಮತ್ತೊಮ್ಮೆ ನೋಡಲಾಗುತ್ತದೆ.